ಕಾಗೆ ಬಂಗಾರ

ಮದುವೆ ಸೀಸನ್‌ನಲ್ಲಿ ನನ್ನ ದಿನ ಶುರುವಾಗುವುದು ಬೆಳಗಿನ ಜಾವ ಮೂರಕ್ಕೆ. ಧಾರೆ ಮುಹೂರ್ತ ಏಳಕ್ಕೆ ಅಂದರೆ ನಾಲ್ಕಕ್ಕೆಲ್ಲ ಛತ್ರದ ಕೋಣೆಯಲ್ಲಿ ಮದುಮಗಳು ನನ್ನ ಮುಂದೆ ಕೂತಿರಬೇಕು. ಹೊರಗೆ ಅಡುಗೆಯವರು ಆಗಷ್ಟೇ ಒಲೆ ಹಚ್ಚುತ್ತಿರುತ್ತಾರೆ. ಹಾಸನದಲ್ಲಿ ಹದಿನಾಲ್ಕು ವರ್ಷದಿಂದ ಮದುಮಗಳ ಅಲಂಕಾರವೇ ನನ್ನ ಕೆಲಸ, ನನ್ನ ಅನ್ನ.

ಫೌಂಡೇಶನ್, ಕಾಜಲ್, ಲಿಪ್‌ಸ್ಟಿಕ್ ಎಲ್ಲ ಆದ ಮೇಲೆ ಕೊನೆಗೆ ಹೊಳಪು ಹಚ್ಚುತ್ತೇನೆ. ಉಂಗುರದ ಬೆರಳ ತುದಿಗೆ ಬಂಗಾರದ ಬಣ್ಣದ ಐಶ್ಯಾಡೋ ಚೂರೇ ಚೂರು ತಗೊಂಡು ರೆಪ್ಪೆಯ ನಡುವೆ ಒತ್ತಬೇಕು. ಉಜ್ಜಬಾರದು. ಉಜ್ಜಿದರೆ ಪುಡಿ ಕೆನ್ನೆಗೆಲ್ಲ ಉದುರುತ್ತದೆ. ಮದುಮಗಳು ಮೆಲ್ಲಗೆ ಕಣ್ಣು ಬಿಟ್ಟು ಕನ್ನಡಿ ನೋಡಿಕೊಂಡು, 'ಅಕ್ಕಾ, ಇದು ನಾನೇನಾ?' ಅಂತಾಳೆ. ಹೆಚ್ಚುಕಮ್ಮಿ ಎಲ್ಲರೂ ಹಾಗೇ ಅಂತಾರೆ. ಆ ಮಾತಿಗೋಸ್ಕರವೇ ನಾನು ಈ ಕೆಲಸದಲ್ಲಿ ಉಳಿದಿದ್ದೇನೆ.

ಮನೆಗೆ ಬಂದು ಎರಡು ಸಲ ಸೋಪು ಹಾಕಿ ತೊಳೆದರೂ ಆ ಹೊಳಪು ಬೆರಳ ಗೆರೆಗಳಿಂದ ಹೋಗುವುದಿಲ್ಲ. ದೋಸೆ ಹೆಂಚಿನ ಮುಂದೆ ನಿಂತಾಗ ಕಿಟಕಿಯ ಬಿಸಿಲಿಗೆ ಬೆರಳು ಮಿನುಗುತ್ತಿರುತ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅದರ ಹೆಸರಿದೆ: ಮೈಕಾ. ಕೆಲವು ಡಬ್ಬಿಗಳ ಮೇಲೆ ಸಿಐ 77019 ಎಂದು ಬರೀ ನಂಬರ್ ಇರುತ್ತದೆ. ಪುಸ್ತಕದ ಕನ್ನಡದಲ್ಲಿ ಅದು ಅಭ್ರಕ. ನಮ್ಮೂರ ಕನ್ನಡದಲ್ಲಿ ಕಾಗೆ ಬಂಗಾರ.

ಅದು ಕಾಗೆ ಬಂಗಾರ ಅಂತ ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಅರಸೀಕೆರೆ ಕಡೆ ನಮ್ಮ ಅಜ್ಜಿ ಊರು. ಬೇಸಿಗೆ ರಜೆಯಲ್ಲಿ ಊರ ಹಿಂದಿನ ಗುಡ್ಡದ ಬುಡದಲ್ಲಿ ನಾವು ಮಕ್ಕಳು ಕಾಗೆ ಬಂಗಾರ ಆಯುತ್ತಿದ್ದೆವು. ಗರಸು ಮಣ್ಣಿನಲ್ಲಿ ಪಳಪಳ ಅನ್ನುವ ಸಣ್ಣ ಹಾಳೆಗಳು. ಉಗುರಿನಿಂದ ಎಬ್ಬಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತಿತ್ತು. ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಂಡು, ಮಣ್ಣಿನ ಬೊಂಬೆ ಮಾಡಿ, ಅದರ ಹಣೆಗೆ ಕೊರಳಿಗೆ ಅಂಟಿಸುತ್ತಿದ್ದೆವು. ಕತ್ತಲಾಗುವ ಹೊತ್ತಿಗೆ ಅಜ್ಜಿ ಕೂಗುತ್ತಿದ್ದರು, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದೆವು. ನಮಗೆ ಅದು ಆಟ.

ಜಾರ್ಖಂಡದ ಕೋಡರ್ಮಾ ಮತ್ತು ಗಿರಿಡೀಹ್, ಬಿಹಾರದ ನವಾದಾ ಜಿಲ್ಲೆಗಳಲ್ಲಿ ಇದೇ ಕಾಗೆ ಬಂಗಾರವನ್ನು ಮಕ್ಕಳು ಹೊಟ್ಟೆಪಾಡಿಗಾಗಿ ಆಯುತ್ತಿದ್ದಾರೆ ಅಂತ ನನಗೆ ಗೊತ್ತಾದದ್ದು ತುಂಬಾ ತಡವಾಗಿ. 2016ರ ಆಗಸ್ಟ್‌ನಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್‌ನ ವರದಿಗಾರರು ಒಂದು ತನಿಖೆ ಪ್ರಕಟಿಸಿದರು. ಅಕ್ರಮ ಅಭ್ರಕ ಗಣಿಗಳಲ್ಲಿ ಎರಡೇ ತಿಂಗಳಲ್ಲಿ ಏಳು ಮಕ್ಕಳು ಸತ್ತಿದ್ದರು, ಆ ಸಾವುಗಳನ್ನು ಮುಚ್ಚಿಡಲಾಗಿತ್ತು. ಗಣಿಯೇ ಅಕ್ರಮ ಆದ ಮೇಲೆ ದೂರು ಕೊಡಲು ಹೋದರೆ ಇರುವ ಕೂಳೂ ಹೋಗುತ್ತದೆ. ಮನೆಯವರ ಕೈಗೆ ಒಂದಿಷ್ಟು ದುಡ್ಡು ಇಟ್ಟು ಸುಮ್ಮನಾಗಿಸುತ್ತಿದ್ದರು. ಇದನ್ನು ಓದಿದ ರಾತ್ರಿ ನಾನು ನನ್ನ ಪೆಟ್ಟಿಗೆ ತೆರೆದು ಎಲ್ಲ ಡಬ್ಬಿಗಳನ್ನೂ ತಿರುಗಿಸಿ ನೋಡಿದೆ. ಐಶ್ಯಾಡೋ, ಹೈಲೈಟರ್, ಬ್ಲಶ್, ಎರಡು ಲಿಪ್‌ಸ್ಟಿಕ್, ಒಂದು ಉಗುರು ಬಣ್ಣ. ಎಲ್ಲದರಲ್ಲೂ ಮೈಕಾ.

ಆ ಸೀಮೆಗೆ ದೊಡ್ಡ ಇತಿಹಾಸವೇ ಇದೆ. ಕೋಡರ್ಮಾಗೆ ಒಂದು ಕಾಲದಲ್ಲಿ 'ಅಭ್ರಕ ನಗರಿ' ಅಂತಲೇ ಹೆಸರು. ಅಭ್ರಕದಲ್ಲಿ ವಿದ್ಯುತ್ ಹರಿಯುವುದಿಲ್ಲ, ಬಿಸಿಗೂ ಅದು ಜಗ್ಗುವುದಿಲ್ಲ. ಹಾಗಾಗಿ ರೇಡಿಯೋ, ವಿದ್ಯುತ್ ಯಂತ್ರ, ಯುದ್ಧದ ಉಪಕರಣ ಎಲ್ಲದಕ್ಕೂ ಅದು ಬೇಕಿತ್ತು. ಬ್ರಿಟಿಷರ ಕಾಲದಿಂದ ನೂರಾರು ಗಣಿಗಳು ನಡೆದವು. ಆಮೇಲೆ ಕೃತಕ ವಸ್ತುಗಳು ಬಂದವು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೂ ಒಡೆದು ಹೋಯಿತು. ಗಣಿಗಳು ಒಂದೊಂದಾಗಿ ಮುಚ್ಚಿದವು, ಕಂಪನಿಗಳು ಹೊರಟು ಹೋದವು. ಜನ ಎಲ್ಲಿಗೆ ಹೋಗಬೇಕು? ಅಲ್ಲೇ ಉಳಿದರು. ಹಳೆ ಗಣಿಯ ಮಣ್ಣಿನ ಗುಡ್ಡೆಗಳಲ್ಲಿ, ಪಾಳುಬಿದ್ದ ಬಿಲಗಳಲ್ಲಿ ಉಳಿದ ಚೂರುಗಳನ್ನು ಕೆದಕಲು ಶುರು ಮಾಡಿದರು. ಆ ಚೂರಿಗೆ ಅಲ್ಲಿನವರು 'ಢಿಬ್ರಾ' ಅನ್ನುತ್ತಾರೆ.

ಢಿಬ್ರಾ ಆಯುವುದು ಒಬ್ಬರ ಕೆಲಸವಲ್ಲ, ಮನೆಮಂದಿಯ ಕೆಲಸ. ಗಂಡಸು ಬಿಲದೊಳಗೆ ಇಳಿದು ಸುತ್ತಿಗೆ, ಹಾರೆಯಿಂದ ಕೀಳುತ್ತಾನೆ. ಹೆಂಗಸು ಬುಟ್ಟಿಯಲ್ಲಿ ಹೊತ್ತು ತಂದು ಹೊರಗೆ ಸುರಿಯುತ್ತಾಳೆ. ಮಕ್ಕಳು ಕಲ್ಲು ಬೇರೆ, ಅಭ್ರಕ ಬೇರೆ ಅಂತ ಆರಿಸುತ್ತಾರೆ. ಇಕ್ಕಟ್ಟಾದ ಬಿಲಕ್ಕೆ ದೊಡ್ಡವರು ಹೋಗಲಾಗದಿದ್ದರೆ ಚಿಕ್ಕವರು ಇಳಿಯುತ್ತಾರೆ. ಮೇಲಿನ ಮಣ್ಣಿಗೆ ಆಸರೆಯಾಗಿ ಒಂದು ಕಂಬವೂ ಇರುವುದಿಲ್ಲ. ಮಳೆ ಬಂದ ಮಾರನೇ ದಿನ ಮಣ್ಣು ಕುಸಿಯುವ ಭಯ, ಬೇಸಿಗೆಯಲ್ಲಿ ದೂಳಿನ ಕಾಟ. ಆ ದೂಳು ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದರ ಬೆನ್ನಿಗೆ ಕ್ಷಯ. ಇಷ್ಟೆಲ್ಲ ಮಾಡಿದರೆ ಒಂದು ಕಿಲೋಗೆ ಸಿಗುತ್ತಿದ್ದದ್ದು ಐದರಿಂದ ಹತ್ತು ರೂಪಾಯಿ ಅಂತ ಆ ವರ್ಷಗಳಲ್ಲಿ ಅಲ್ಲಿಗೆ ಹೋಗಿ ಬಂದವರು ಬರೆದಿದ್ದಾರೆ.

ಎಷ್ಟು ಮಕ್ಕಳು? ನೆದರ್ಲೆಂಡ್ಸ್‌ನ ಸೋಮೋ ಸಂಸ್ಥೆ 2016ರಲ್ಲಿ ಮಾಡಿದ ಅಂದಾಜಿನ ಪ್ರಕಾರ 22,000ದವರೆಗೆ. ನಮ್ಮದೇ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಮೇಲೆ ಸಮೀಕ್ಷೆ ಮಾಡಿದಾಗ, ಆ ಮೂರು ಜಿಲ್ಲೆಗಳ ಅಭ್ರಕ ಪ್ರದೇಶದಲ್ಲಿ 6ರಿಂದ 14 ವರ್ಷದ ಸುಮಾರು 5,000 ಮಕ್ಕಳು ಶಾಲೆಗೇ ಹೋಗುತ್ತಿಲ್ಲ ಅಂತ ಗೊತ್ತಾಯಿತು. ಎರಡೂ ಒಂದೇ ಲೆಕ್ಕವಲ್ಲ. ಒಂದು ದುಡಿಯುವ ಮಕ್ಕಳದ್ದು, ಇನ್ನೊಂದು ಶಾಲೆ ತಪ್ಪಿದವರದ್ದು. ಬೆಳಿಗ್ಗೆ ಶಾಲೆಗೆ ಹೋಗಿ ಸಂಜೆ ಗುಡ್ಡಕ್ಕೆ ಹೋಗುವ ಮಕ್ಕಳು ಎರಡನೇ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅಭ್ರಕವೆಲ್ಲ ಬರುವುದು ಮೇಕಪ್ ಡಬ್ಬಿಗೇ ಅಂತಲ್ಲ. ಕಾರಿನ ಪೇಂಟ್, ಎಲೆಕ್ಟ್ರಾನಿಕ್ಸ್, ಕಟ್ಟಡದ ಸಾಮಾನು, ಇವೆಲ್ಲ ಅದನ್ನು ಜಾಸ್ತಿ ನುಂಗುತ್ತವೆ. ಆದರೆ ನನ್ನ ಬೆರಳಿಗೆ ಅಂಟಿಕೊಂಡಿರುವುದು ಐಶ್ಯಾಡೋ. ಹಾಗಾಗಿ ನಾನು ಇದರ ಬಗ್ಗೆಯೇ ಕೇಳುತ್ತೇನೆ.

ಕೇಳಿದ್ದು ಹೀಗೆ. ಒಂದು ಕಂಪನಿಯ ಸೇಲ್ಸ್ ಹುಡುಗ ತಿಂಗಳಿಗೊಮ್ಮೆ ನನ್ನ ಪಾರ್ಲರ್‌ಗೆ ಬರುತ್ತಾನೆ. ಒಳ್ಳೆ ಹುಡುಗ. ಹೊಳೆನರಸೀಪುರದ ಕಡೆಯವನು. ಹೊಸ ಪ್ಯಾಲೆಟ್ ತೆಗೆದು ನನ್ನ ಮುಂದಿಟ್ಟ.

'ಮೇಡಂ, ಇದು ಹೊಸ ಕಲೆಕ್ಷನ್. ಹನ್ನೆರಡು ಶೇಡ್. ಶಿಮ್ಮರ್ ಅಂತೂ ಸಖತ್ ಇದೆ, ಕೈ ಮೇಲೆ ಹಾಕಿ ನೋಡಿ.'

ಹಾಕಿ ನೋಡಿದೆ. ನಿಜಕ್ಕೂ ಚೆನ್ನಾಗಿತ್ತು. 'ಇದರಲ್ಲಿರೋ ಮೈಕಾ ಎಲ್ಲಿಂದ ಬರುತ್ತಪ್ಪ?' ಅಂತ ಕೇಳಿದೆ.

ಅವನು ಡಬ್ಬಿ ತಿರುಗಿಸಿ ಮೂಲೆಯಲ್ಲಿದ್ದ ಮೊಲದ ಚಿತ್ರ ತೋರಿಸಿದ. 'ನಮ್ದು ಪೂರ್ತಿ ಕ್ರೂಯಲ್ಟಿ ಫ್ರೀ ಮೇಡಂ. ಪ್ರಾಣಿಗಳ ಮೇಲೆ ಟೆಸ್ಟ್ ಮಾಡಲ್ಲ.'

ಅವನು ಹೇಳಿದ್ದು ಸುಳ್ಳಲ್ಲ. ಸೌಂದರ್ಯ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲೇ ನಿಷೇಧಿಸಿತು. ಅದೇ ವರ್ಷ ಹಾಗೆ ಪರೀಕ್ಷಿಸಿದ ಸಾಮಾನಿನ ಆಮದನ್ನೂ ನಿಲ್ಲಿಸಿತು. ಎಷ್ಟೋ ಜನ ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಡಬ್ಬಿಯ ಮೇಲಿನ ಆ ಮೊಲವನ್ನು ನೋಡಿದರೆ ನನಗೆ ಇವತ್ತಿಗೂ ಸಮಾಧಾನವಾಗುತ್ತದೆ. ಆದರೆ ನಾನು ಕೇಳಿದ್ದು ಮಕ್ಕಳ ವಿಷಯ. ಡಬ್ಬಿಯಲ್ಲಿ ಏನೇನು ಹಾಕಿದ್ದಾರೆ ಅಂತ ಬರೆಯುವುದು ಕಡ್ಡಾಯ. ಆ ಮೈಕಾ ಯಾವ ನೆಲದಿಂದ ಬಂತು, ಯಾರು ತೆಗೆದರು ಅಂತ ಬರೆಯಬೇಕಾಗಿಲ್ಲ.

ಅವನು ಮೊಬೈಲ್‌ನಲ್ಲಿ ಕಂಪನಿಯ ವೆಬ್‌ಸೈಟ್ ತೆಗೆದು ಇನ್ನೊಂದು ಪುಟ ತೋರಿಸಿದ. ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆ, ಅಂತ ಮೇಲೆ ಬರೆದಿತ್ತು. ಹೆಣ್ಣುಮಕ್ಕಳ ಓದಿಗೆ ನೆರವು, ಗಿಡ ನೆಡುವುದು, ಹೊಲಿಗೆ ತರಬೇತಿ. ಎರಡು ಜಡೆ ಹಾಕಿಕೊಂಡ ಹುಡುಗಿಯರು ಹೊಸ ಬ್ಯಾಗ್ ಹಿಡಿದು ನಗುತ್ತಿದ್ದರು. ಆ ನಗುವನ್ನು ನಾನು ಅನುಮಾನಿಸುವುದಿಲ್ಲ. ಆ ಬ್ಯಾಗ್ ಅವರಿಗೆ ನಿಜವಾಗಿ ಸಿಕ್ಕಿದೆ. ಆದರೂ ನನ್ನ ಪ್ರಶ್ನೆಗೆ ಆ ಪುಟದಲ್ಲಿ ಉತ್ತರ ಇರಲಿಲ್ಲ. ಯಾಕೆ ಇರಲಿಲ್ಲ ಅಂತ ಹುಡುಕುತ್ತಾ ಕಾನೂನನ್ನೇ ಓದಲು ಕೂತೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣ, ಆರೋಗ್ಯ, ಪರಿಸರ, ಹೀಗೆ ಯಾವುದಕ್ಕೆ ಖರ್ಚು ಮಾಡಬಹುದು ಅಂತ ಏಳನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಇದರ ನಿಯಮಗಳಲ್ಲಿ ಇನ್ನೊಂದು ಸಾಲಿದೆ. ಕಂಪನಿ ತನ್ನ ಮಾಮೂಲಿ ವ್ಯವಹಾರದ ಭಾಗವಾಗಿ ಮಾಡುವ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಈ ಸಾಲು ಯಾಕಿದೆ ಅಂತ ನನಗೆ ಅರ್ಥವಾಗುತ್ತದೆ. ಅದಿಲ್ಲದಿದ್ದರೆ ಜಾಹೀರಾತಿನ ಖರ್ಚನ್ನೂ ಸಮಾಜಸೇವೆ ಅಂತ ತೋರಿಸಿಬಿಡುತ್ತಿದ್ದರು. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಿ. ಐಶ್ಯಾಡೋ ಮಾಡುವ ಕಂಪನಿ ಯಾವುದೋ ಊರಿನ ಶಾಲೆಗೆ ಬೆಂಚು ಕೊಟ್ಟರೆ ಅದು ಸಾಮಾಜಿಕ ಹೊಣೆ. ತಾನೇ ಕೊಳ್ಳುವ ಅಭ್ರಕಕ್ಕೆ ಕಿಲೋಗೆ ಮೂವತ್ತು ರೂಪಾಯಿ ಜಾಸ್ತಿ ಕೊಟ್ಟು, ಅದನ್ನು ಆಯುವವರ ಮಕ್ಕಳು ಬಿಲಕ್ಕೆ ಇಳಿಯದ ಹಾಗೆ ನೋಡಿಕೊಂಡರೆ ಅದು ಬರೀ ವ್ಯಾಪಾರದ ಖರ್ಚು. ವರದಿಯಲ್ಲಿ ಫೋಟೋ ಹಾಕಿ ತೋರಿಸಲು ಬರುವುದಿಲ್ಲ. ಹೀಗಾಗಿ ಸಾಮಾನು ತರಿಸುವ ವಿಭಾಗ ಒಂದು ಕಡೆ, ಸೇವೆಯ ವಿಭಾಗ ಇನ್ನೊಂದು ಕಡೆ. ಇವರ ಕೋಣೆಯ ಮಾತು ಅವರ ಕಿವಿಗೆ ಬೀಳುವುದೇ ಇಲ್ಲ.

ಇದು ಅಭ್ರಕಕ್ಕೆ ಮಾತ್ರ ಅಂಟಿದ ಕಥೆಯೂ ಅಲ್ಲ. ಮುಖ ಬೆಳ್ಳಗಾದರೆ ಕೆಲಸ ಸಿಗುತ್ತದೆ ಅನ್ನುವ ಫೇರ್ ಅಂಡ್ ಲವ್ಲಿ ಜಾಹೀರಾತುಗಳು ನಿಮಗೆ ನೆನಪಿರಬಹುದು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಅವುಗಳ ವಿರುದ್ಧ ದನಿ ಎತ್ತಿದ್ದಕ್ಕೆ 2003ರಲ್ಲಿ ಕೆಲವನ್ನು ಹಿಂದಕ್ಕೆ ಪಡೆದರು. ಅದೇ ವರ್ಷ ಅದೇ ಕ್ರೀಮಿನ ಹೆಸರಲ್ಲಿ ಒಂದು ಫೌಂಡೇಶನ್ ಶುರುವಾಗಿ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡತೊಡಗಿತು. ಓದಿದ ಹುಡುಗಿಯರಿಗೆ ಅದರಿಂದ ಒಳ್ಳೆಯದೇ ಆಗಿರುತ್ತದೆ. ಆದರೆ ಕ್ರೀಮಿನ ಹೆಸರಿನಿಂದ 'ಫೇರ್' ಅನ್ನುವ ಪದ ಹೋಗಲು 2020ರವರೆಗೆ ಕಾಯಬೇಕಾಯಿತು. ನನ್ನ ಮುಂದೆ ಕೂರುವ ಕಪ್ಪು ಬಣ್ಣದ ಹುಡುಗಿಯರು ಈಗಲೂ, 'ಅಕ್ಕಾ, ಎರಡು ಶೇಡ್ ಬೆಳ್ಳಗೆ ಕಾಣೋ ಹಾಗೆ ಮಾಡಿ' ಅಂತಾರೆ. ವಿದ್ಯಾರ್ಥಿವೇತನದ ಚೆಕ್ ತಲುಪದ ಊರಿಗೂ ಆ ಜಾಹೀರಾತು ತಲುಪಿತ್ತು.

ಮತ್ತೆ ಕಾಗೆ ಬಂಗಾರಕ್ಕೆ ಬರುತ್ತೇನೆ. ಜಾಸ್ತಿ ದುಡ್ಡು ಕೊಟ್ಟರೆ ಎಷ್ಟು ಹೊರೆಯಾಗುತ್ತದೆ ಅಂತ ಒಂದು ಮದುವೆ ಕಾಗದದ ಹಿಂಬದಿಯಲ್ಲಿ ನಾನೇ ಲೆಕ್ಕ ಹಾಕಿದೆ. ಪ್ಯಾಲೆಟ್‌ನ ಒಂದು ಬಣ್ಣದ ಬಿಲ್ಲೆ ಒಂದೂವರೆ ಗ್ರಾಂ. ಅದರಲ್ಲಿ ಅರ್ಧ ಅಭ್ರಕ ಅಂದುಕೊಳ್ಳೋಣ, ಮುಕ್ಕಾಲು ಗ್ರಾಂ. ಗಣಿಯಿಂದ ಬಂದ ಒಂದು ಕಿಲೋದಲ್ಲಿ ಅರ್ಧದಷ್ಟು ಕಸವಾಗಿ ಹೋಯಿತು ಅಂತಲೇ ಇಟ್ಟುಕೊಳ್ಳಿ. ಉಳಿದ ಅರ್ಧ ಕಿಲೋದಲ್ಲಿ ಆರುನೂರ ಅರವತ್ತಕ್ಕೂ ಜಾಸ್ತಿ ಬಿಲ್ಲೆ ಆಗುತ್ತದೆ. ಕಿಲೋಗೆ ಹತ್ತು ರೂಪಾಯಿ ಕೊಡುವ ಕಡೆ ಐವತ್ತು ಕೊಟ್ಟರೆ, ಆ ಜಾಸ್ತಿ ನಲವತ್ತು ರೂಪಾಯಿ ಅಷ್ಟೂ ಬಿಲ್ಲೆಗಳ ಮೇಲೆ ಹಂಚಿ ಹೋಗುತ್ತದೆ. ಒಂದಕ್ಕೆ ಆರು ಪೈಸೆ. ಹನ್ನೆರಡು ಶೇಡಿನ ನನ್ನ ಪ್ಯಾಲೆಟ್‌ಗೆ ಎಪ್ಪತ್ತೆರಡು ಪೈಸೆ.

ಎಲ್ಲೋ ತಪ್ಪಿದೆ ಅನ್ನಿಸಿ ಮೂರು ಸಲ ಹಾಕಿದೆ. ಅದೇ ಬಂತು. ಒಂದು ಮದುವೆಗೆ ನಾನು ತಗೊಳ್ಳುವ ದುಡ್ಡಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಹಾಗಾದರೆ ತೊಡಕು ದುಡ್ಡಿನದ್ದಲ್ಲ. ಆ ಎಪ್ಪತ್ತೆರಡು ಪೈಸೆ ಬಿಲದ ಬಾಯಿಯವರೆಗೆ ಹೋಗಿ ತಲುಪುವುದು ಹೇಗೆ ಅನ್ನುವುದೇ ತೊಡಕು. ಢಿಬ್ರಾ ಆಯುವವರಿಂದ ಊರಿನ ವ್ಯಾಪಾರಿಗೆ, ಅವನಿಂದ ಕೋಡರ್ಮಾ, ಗಿರಿಡೀಹ್‌ನ ಗೋಡೌನ್‌ಗೆ, ಅಲ್ಲಿಂದ ಕೋಲ್ಕತ್ತಾ ಬಂದರಿಗೆ, ಆಮೇಲೆ ಚೀನಾಕ್ಕೋ ಯುರೋಪಿಗೋ. ಅಲ್ಲಿ ಅದನ್ನು ನುಣ್ಣಗೆ ಅರೆದು, ಟೈಟಾನಿಯಂ ಡೈಆಕ್ಸೈಡ್, ಕಬ್ಬಿಣದ ಆಕ್ಸೈಡ್ ಲೇಪಿಸಿ ಮುತ್ತಿನ ಹೊಳಪು ಬರಿಸುತ್ತಾರೆ. ಆ ಬಣ್ಣವನ್ನು ಕೊಂಡವರು ಐಶ್ಯಾಡೋ ಮಾಡುತ್ತಾರೆ. ಕಾಗದದ ಮೇಲೆ ತೋರಿಸುವ ಉತ್ಪಾದನೆಗಿಂತ ದೇಶದಿಂದ ಹೊರಗೆ ಹೋಗುವ ಅಭ್ರಕವೇ ಬಹಳ ಜಾಸ್ತಿ ಅಂತ ಸೋಮೋದವರು ತೋರಿಸಿದ್ದರು. ಲೆಕ್ಕಕ್ಕೇ ಇಲ್ಲದ ಕೈಗಳು ತೆಗೆದ ಸಾಮಾನಿಗೆ ದಾರಿಯಲ್ಲಿ ಎಲ್ಲೋ ಒಂದು ಬಿಲ್ಲು ಹುಟ್ಟಿಕೊಳ್ಳುತ್ತದೆ.

ಈ ಗಂಟನ್ನು ಬಿಡಿಸಲು ಯಾರೂ ಕೈ ಹಾಕಿಲ್ಲ ಅಂತಲ್ಲ. ಕೈಲಾಶ್ ಸತ್ಯಾರ್ಥಿ ಅವರ ಸಂಸ್ಥೆಯವರು ಆ ಹಳ್ಳಿಗಳಲ್ಲಿ ಬಾಲಮಿತ್ರ ಗ್ರಾಮಗಳನ್ನು ಕಟ್ಟಿದ್ದಾರೆ. ಮಕ್ಕಳನ್ನು ಬಿಲದಿಂದ ಬಿಡಿಸಿ ಶಾಲೆಗೆ ಸೇರಿಸಿ, ಆ ಮಕ್ಕಳದ್ದೇ ಪಂಚಾಯಿತಿ ಮಾಡಿಸುತ್ತಾರೆ. 2017ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಅನ್ನುವ ಒಕ್ಕೂಟ ಹುಟ್ಟಿತು. ಲೋರಿಯಲ್, ಎಸ್ಟೀ ಲಾಡರ್, ಜರ್ಮನಿಯ ಮೆರ್ಕ್‌ನಂಥ ಕಂಪನಿಗಳು ಇದರಲ್ಲಿ ಸೇರಿದವು. ತಾವು ಕೊಳ್ಳುವ ಭಾರತದ ಅಭ್ರಕವನ್ನು 2022ರೊಳಗೆ ಬಾಲಕಾರ್ಮಿಕರಿಂದ ಬಿಡಿಸುತ್ತೇವೆ ಅಂತ ಹೇಳಿದರು. ಆಗಲಿಲ್ಲ. ಗುರಿ 2030ಕ್ಕೆ ಹೋಯಿತು. ಗಡುವು ಮುಂದೆ ಹೋದಾಗ ನನಗೆ ಬೇಸರವಾಯಿತು. ಹೀಗೆ ಮುಂದಕ್ಕೆ ಹಾಕಿದ ಎಂಟು ವರ್ಷದಲ್ಲಿ ಅಲ್ಲಿನ ಒಂದು ಮಗುವಿನ ಬಾಲ್ಯವೇ ಮುಗಿದು ಹೋಗುತ್ತದೆ. ಆದರೂ ಈ ದಾರಿ ಸರಿ ಅಂತಲೇ ನನ್ನ ನಂಬಿಕೆ. ಇವರು ಬೇರೆ ಊರಿಗೆ ಬೆಂಚು ಕೊಟ್ಟು ಸುಮ್ಮನಾಗಲಿಲ್ಲ, ತಮ್ಮದೇ ಚೀಲ ಎಲ್ಲಿಂದ ಬಂತು ಅಂತ ನೋಡಲು ಹೊರಟರು.

ಇಂಗ್ಲೆಂಡಿನ ಲಶ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. ಗಣಿಯ ಅಭ್ರಕವೇ ಬೇಡ ಅಂತ 2014ರಲ್ಲಿ ತೀರ್ಮಾನ ಮಾಡಿತು. ಆದರೆ ತಾನು ಕೊಳ್ಳುವ ಬಣ್ಣದ ಮಿಶ್ರಣಗಳಲ್ಲಿ ಅದು ಇನ್ನೂ ಸೇರಿಕೊಂಡು ಬರುತ್ತಿದೆ ಅಂತ ಆಮೇಲೆ ಗೊತ್ತಾಯಿತು. ಪೂರ್ತಿ ಬಿಡಲು 2018ರ ತನಕ ಹಿಡಿಯಿತು. ಈಗ ಅವರದ್ದು ಕಾರ್ಖಾನೆಯಲ್ಲಿ ಮಾಡಿದ ಕೃತಕ ಅಭ್ರಕ. ಡಬ್ಬಿಯಲ್ಲಿ ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್ ಅಂತಿದ್ದರೆ ಅದೇ.

ಮೊದಲು ನನಗೂ ಹಾಗೇ ಅನ್ನಿಸಿತ್ತು. ಕೃತಕದ್ದನ್ನೇ ಕೊಂಡರೆ ಆಯಿತು, ಕೈ ತೊಳೆದುಕೊಂಡ ಹಾಗೆ. ಆಮೇಲೆ ಯೋಚಿಸಿದೆ. ನಾವೆಲ್ಲ ಬಿಟ್ಟುಬಿಟ್ಟರೆ ಆ ಬೆಟ್ಟದ ಬುಡದ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಅಲ್ಲಿ ನೀರಾವರಿ ಇಲ್ಲ, ಬೇರೆ ಕೂಲಿ ಇಲ್ಲ. 1980ರ ನಂತರ ಎಲ್ಲರೂ ಒಮ್ಮೆ ಬಿಟ್ಟು ಹೋದದ್ದರಿಂದಲೇ ಆ ಜನ ಬಿಲಕ್ಕೆ ಇಳಿದದ್ದು. ನನ್ನ ಕೈ ಸ್ವಚ್ಛ ಆಗಬಹುದು, ಅಲ್ಲಿನ ಮಗುವಿನ ತಟ್ಟೆ ತುಂಬುವುದಿಲ್ಲ. ಢಿಬ್ರಾ ಆಯುವುದನ್ನು ಸಹಕಾರ ಸಂಘಗಳ ಮೂಲಕ ಕಾನೂನಿನೊಳಗೆ ತರಲು ಜಾರ್ಖಂಡ್ ಸರ್ಕಾರ ಹೊರಟಿರುವುದನ್ನು ಓದಿದಾಗ ನನಗೆ ಸಮಾಧಾನವಾಯಿತು. ಆಯುವವರ ಕೈಗೆ ಒಂದು ಚೀಟಿ ಬಂದರೆ ಅವರು ದರ ಕೇಳಬಹುದು, ಗುಡ್ಡ ಕುಸಿದರೆ ದೂರು ಕೊಡಬಹುದು. ದೊಡ್ಡವರಿಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಕ್ಕರೆ ಮಕ್ಕಳನ್ನು ಯಾರು ಬಿಲಕ್ಕೆ ಇಳಿಸುತ್ತಾರೆ ಹೇಳಿ?

ಹಾಗಾಗಿ ನಾನು ಶಿಮ್ಮರ್ ಬಿಟ್ಟಿಲ್ಲ. ಮದುಮಗಳ ರೆಪ್ಪೆಯ ಮೇಲೆ ಹೊಳಪು ಒತ್ತುವುದನ್ನು ನಿಲ್ಲಿಸಿಲ್ಲ. ಕೊಳ್ಳುವ ಮುಂಚೆ ಆ ಒಕ್ಕೂಟದ ಸದಸ್ಯರ ಪಟ್ಟಿಯಲ್ಲಿ ಕಂಪನಿ ಇದೆಯಾ ಅಂತ ನೋಡುತ್ತೇನೆ. ಇಲ್ಲದಿದ್ದರೆ ಕಂಪನಿಗೆ ಮೇಲ್ ಬರೆದು ಕೇಳುತ್ತೇನೆ. ಇದುವರೆಗೆ ಐದು ಕಂಪನಿಗೆ ಬರೆದಿದ್ದೇನೆ. ಎರಡರಿಂದ ಉತ್ತರ ಬಂತು. ಒಬ್ಬರು ಯಾವ ರಾಜ್ಯದಿಂದ ಕೊಳ್ಳುತ್ತೇವೆ, ಯಾರು ಹೋಗಿ ಪರಿಶೀಲಿಸುತ್ತಾರೆ ಅಂತ ವಿವರವಾಗಿ ಬರೆದಿದ್ದರು. ಇನ್ನೊಬ್ಬರು ಗಿಡ ನೆಟ್ಟ ಫೋಟೋಗಳನ್ನು ಕಳಿಸಿದ್ದರು. ಅವರಿಗೆ ಅದೇ ಪ್ರಶ್ನೆಯನ್ನು ಮತ್ತೆ ಬರೆದಿದ್ದೇನೆ.

ಹೋದ ವಾರ ಆ ಹುಡುಗ ಮತ್ತೆ ಬಂದ. ಮಾಘದ ಮದುವೆಗಳು ಶುರುವಾಗುವ ಹೊತ್ತು, ಸಾಮಾನು ಬೇಕಿತ್ತು. ಕಾಜಲ್ ಎರಡು ಡಜನ್, ಕಾಂಪ್ಯಾಕ್ಟ್ ಹತ್ತು ಅಂತ ಹೇಳುತ್ತಾ ಹೋದೆ. ಅವನು ಬರೆದುಕೊಳ್ಳುತ್ತಾ ಹೋದ.

'ಪ್ಯಾಲೆಟ್ ಎಷ್ಟು ಬರೀಲಿ ಮೇಡಂ?'

'ಅದರ ಮುಂದೆ ನಂಬರ್ ಹಾಕಬೇಡ. ಮೈಕಾ ಎಲ್ಲಿಂದ, ಯಾರು ತೆಗೆದಿದ್ದು ಅಂತ ಬರಿ. ಉತ್ತರ ಬಂದ ಮೇಲೆ ನಂಬರ್ ಹೇಳ್ತೀನಿ.'

ಅವನು ಪೆನ್ನು ಎತ್ತಿ ನನ್ನ ಮುಖ ನೋಡಿದ. 'ನಮ್ ಕಡೆ ಹೊಲದಲ್ಲೂ ಸಿಗುತ್ತೆ ಮೇಡಂ, ಕಾಗೆ ಬಂಗಾರ. ಚಿಕ್ಕೋರಿದ್ದಾಗ ಜೇಬು ತುಂಬ ತುಂಬಿಕೊಳ್ತಿದ್ವಿ' ಅಂದ. ಆಮೇಲೆ ಆರ್ಡರ್ ಪುಸ್ತಕದಲ್ಲಿ, ಕಾಂಪ್ಯಾಕ್ಟ್ ಹತ್ತು ಅನ್ನುವ ಸಾಲಿನ ಕೆಳಗೆ, ನಾನು ಹೇಳಿದ್ದನ್ನು ಹಾಗೇ ಬರೆದುಕೊಂಡ.